ದಾರಿಯ ನಿಯಮವೂ ಸೈಕಲ್ ಸವಾರನ ಧರ್ಮವೂ

ಮನುಷ್ಯನು ಪಾಲಿಸಬೇಕಾದ ವಿಧಿಗಳಲ್ಲಿ ಎರಡು ಬಗೆಗಳುಂಟು. ಕೆಲವು ತಮ್ಮಷ್ಟಕ್ಕೆ ತಾವೇ ಒಳ್ಳೆಯವು. ಪರರ ಸೊತ್ತನ್ನು ಕದಿಯಬಾರದು, ಹಸಿದು ಬಂದವನನ್ನು ಬಾಗಿಲಿನಿಂದ ತಳ್ಳಬಾರದು ಎಂಬಿವುಗಳನ್ನು ಯಾವ ಅರಸನೂ ಶಾಸನಮಾಡಿ ಹೇಳದಿದ್ದರೂ ವಿವೇಕಿಯಾದವನು ಒಪ್ಪಿಯೇ ಒಪ್ಪುವನು. ಮತ್ತೆ ಕೆಲವು ಅಂಥವಲ್ಲ. ದಾರಿಯಲ್ಲಿ ಎಡಬದಿಯನ್ನು ಹಿಡಿದು ಹೋಗತಕ್ಕದ್ದು ಎಂಬುದು ಈ ಎರಡನೆಯ ಬಗೆಗೆ ಸೇರಿದುದು. ಎಡಬದಿಯಲ್ಲಿ ಪುಣ್ಯವೂ ಇಲ್ಲ, ಬಲಬದಿಯಲ್ಲಿ ಪಾಪವೂ ಇಲ್ಲ. ಭಾರತದಲ್ಲಿ ಎಡಕ್ಕೆ ಹೋಗುವುದು ಸರಿಯೆನಿಸಿದರೆ, ಫ್ರಾನ್ಸಿನಲ್ಲಿ ಅದೇ ತಪ್ಪೆನಿಸುವುದು. ಹೀಗಿರಲಾಗಿ, ಇಂಥ ನಿಯಮವನ್ನು ಮೀರಿದವನು ದಂಡಕ್ಕೆ ಮಾತ್ರ ಗುರಿಯಾಗುವನೋ, ಅಥವಾ ಅಧರ್ಮಕ್ಕೂ ಗುರಿಯಾಗುವನೋ ಎಂಬ ಪ್ರಶ್ನೆ ಏಳುವುದು ಸಹಜವಾಗಿದೆ.

ಮೋಟಾರು ನಡೆಸುವವನ ವಿಷಯದಲ್ಲಿ ಈ ಪ್ರಶ್ನೆ ಅಷ್ಟಾಗಿ ತೊಡಕಿನದಲ್ಲ. ಪರವಾನಗಿ ಪಡೆಯುವ ಮೊದಲೇ ದಾರಿಯ ಚಿಹ್ನೆಗಳನ್ನು ಬಲ್ಲನೋ ಇಲ್ಲವೋ ಎಂದು ಅವನನ್ನು ಪರೀಕ್ಷಿಸಿರುತ್ತಾರೆ. ಅವನ ವಾಹನಕ್ಕೆ ಸಂಖ್ಯೆಯುಂಟು. ತಪ್ಪಿದರೆ ಹಿಡಿದು ದಂಡ ತೆಗೆದುಕೊಳ್ಳುವವರುಂಟು. ಸೈಕಲ್ ಸವಾರನ ಸ್ಥಿತಿಯೇ ಬೇರೆ. 1988ರ ಮೋಟಾರು ವಾಹನಗಳ ಅಧಿನಿಯಮವು ಮುಖ್ಯವಾಗಿ ಯಂತ್ರಬಲದಿಂದ ನಡೆಯುವ ವಾಹನಗಳನ್ನು ಉದ್ದೇಶಿಸಿದ್ದು. ಕಾಲಿನಿಂದ ತುಳಿಯುವ ಸೈಕಲ್ಲಿಗೆ ಪರವಾನಗಿಯಿಲ್ಲ, ಪರೀಕ್ಷೆಯಿಲ್ಲ, ಹಲಗೆಯ ಮೇಲೆ ಬರೆದ ಸಂಖ್ಯೆಯೂ ಇಲ್ಲ. ಹಿಂದೆ ಅನೇಕ ಪಟ್ಟಣಗಳಲ್ಲಿ ಪುರಸಭೆಯವರು ಸೈಕಲ್ಲಿಗೆ ತೆರಿಗೆ ವಿಧಿಸಿ ಲೋಹದ ಬಿಲ್ಲೆಯನ್ನು ಕೊಡುತ್ತಿದ್ದರು. ದೀಪವಿಲ್ಲದೆ ರಾತ್ರಿ ಹೊರಟವನನ್ನು ಪೊಲೀಸಿನವರು ಇಳಿಸಿ ಕೇಳುತ್ತಿದ್ದರು. ಆ ಕಟ್ಟುಪಾಡು ಈಗ ಅಳಿದಿದೆ. ಇಂದಿನ ಸೈಕಲ್ ಸವಾರನನ್ನು ಕೇಳುವವರು ಬಹುಮಟ್ಟಿಗೆ ಯಾರೂ ಇಲ್ಲ. ಕೇಳುವವರಿಲ್ಲದ ಕಡೆಯಲ್ಲಿ ಉಳಿಯುವ ಕರ್ತವ್ಯವೇ ಧರ್ಮದ ನಿಜವಾದ ಒರೆಗಲ್ಲು. ಆದುದರಿಂದ ದಾರಿಯ ನಿಯಮದ ತತ್ತ್ವವನ್ನು ವಿಚಾರಿಸುವುದಕ್ಕೆ ಅವನಿಗಿಂತ ತಕ್ಕ ಉದಾಹರಣೆ ದೊರೆಯಲಾರದು.

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಸುಮಾರು 35 ಕಿಲೋಮೀಟರಿನ ಈ ದಾರಿ ಹುಮನಾಬಾದಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಭಾಗ. ಹಿಂದೆ ಇದಕ್ಕೆ 218 ಎಂಬ ಸಂಖ್ಯೆಯಿತ್ತು, ಈಗ 50. ವಿಜಯಪುರ, ಜೇವರ್ಗಿಗಳ ಕಡೆಯಿಂದ ಬೀದರಿನತ್ತ ಹೋಗುವ ಸರಕಿನ ಲಾರಿಗಳೂ ದೂರದ ಊರುಗಳ ಬಸ್ಸುಗಳೂ ಹಗಲಿರುಳು ಇದರ ಮೇಲೆ ಓಡುತ್ತವೆ. ಅದೇ ದಾರಿಯಲ್ಲಿ ಮಹಾಗಾಂವ್ ಕ್ರಾಸಿನ ಬಳಿಯಲ್ಲೂ ಕುರಿಕೋಟಾ ಸೇತುವೆಯ ಬಳಿಯಲ್ಲೂ ಹೊಲಗಳಿಗೆ ಹೋಗುವವರು, ಹಾಲಿನ ಕ್ಯಾನು ಕಟ್ಟಿಕೊಂಡವರು, ಪಾಟಿಚೀಲ ಹೊತ್ತ ಮಕ್ಕಳು ಸೈಕಲ್ ತುಳಿದು ಬರುವರು. ಕಮಲಾಪುರವು ಕೆಂಪು ಬಾಳೆಯ ಹಣ್ಣಿಗೆ ಹೆಸರಾದ ಊರು. ಈಗ ತಾಲೂಕಿನ ಕೇಂದ್ರವೂ ಆಗಿರುವುದರಿಂದ ಸುತ್ತಣ ಹಳ್ಳಿಗಳ ಜನರು ಕಚೇರಿಗೂ ಸಂತೆಗೂ ಶಾಲೆಗೂ ಅಲ್ಲಿಗೆ ಬರಲೇಬೇಕು. ಹೀಗೆ ಊರಿನ ಓಣಿಗೆ ಹುಟ್ಟಿದ ವೇಗವೂ ಹೆದ್ದಾರಿಗೆ ಹುಟ್ಟಿದ ವೇಗವೂ ಒಂದೇ ನೆಲದ ಮೇಲೆ ಬಂದು ಸೇರುತ್ತವೆ. 2022ರ ಜೂನ್ ತಿಂಗಳಿನಲ್ಲಿ ಕಮಲಾಪುರದ ಬಳಿ ಗೋವೆಯಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸೊಂದು ಅಪಘಾತಕ್ಕೆ ಸಿಕ್ಕಿ ಹೊತ್ತಿ ಉರಿದು, ಅದರೊಳಗಿದ್ದ ಹಲವರು ಪ್ರಾಣ ಕಳೆದುಕೊಂಡುದನ್ನು ಆ ಭಾಗದ ಜನರು ಮರೆತಿಲ್ಲ. ಆ ಒಂದು ವರ್ಷದಲ್ಲಿ ಭಾರತದ ದಾರಿಗಳಲ್ಲಿ ಮಡಿದವರ ಒಟ್ಟು ಸಂಖ್ಯೆ 1,68,491 ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಹೀಗಾಗಿ ದಾರಿಯ ನಿಯಮದ ಚರ್ಚೆ ಕೇವಲ ಮರ್ಯಾದೆಯ ಚರ್ಚೆಯಲ್ಲ. ಅದು ಪ್ರಾಣದ ಚರ್ಚೆ.

ಮೊದಲು, ದಾರಿಯ ಚಿಹ್ನೆಗಳು ಹೇಳುವುದೇನು ಎಂಬುದನ್ನು ತಿಳಿಯಬೇಕು. ಕಲಬುರಗಿಯು ಹಲವು ನುಡಿಗಳ ಊರು. ಜಗತ್ ವೃತ್ತದಿಂದ ಸೂಪರ್ ಮಾರ್ಕೆಟಿನವರೆಗೆ ನಡೆದುಹೋಗುವಷ್ಟರಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಶರಣಬಸವೇಶ್ವರರ ಗುಡಿಗೆ ಬಂದ ಯಾತ್ರಿಕನೂ ಬಂದೇನವಾಜರ ದರ್ಗಾಕ್ಕೆ ಬಂದ ಯಾತ್ರಿಕನೂ ಒಂದೇ ಲಿಪಿಯನ್ನು ಓದಬಲ್ಲರೆಂದು ಹೇಳಲಾಗದು. ಆದರೆ ಕಂಬದ ಮೇಲಣ ಚಿಹ್ನೆಯನ್ನು ಅವರಿಬ್ಬರೂ ಓದಬಲ್ಲರು. ಅಕ್ಷರವನ್ನೇ ಅರಿಯದವನೂ ಓದಬಲ್ಲನು. ಏಕೆಂದರೆ ಆ ಭಾಷೆಯ ವ್ಯಾಕರಣ ಆಕೃತಿಯಲ್ಲಿಯೂ ಬಣ್ಣದಲ್ಲಿಯೂ ಅಡಗಿದೆ.

ಆ ವ್ಯಾಕರಣವು ಬಹು ಸರಳವಾದದ್ದು. ದುಂಡಗಿನ ಹಲಗೆ ಆಜ್ಞೆಯನ್ನು ಹೇಳುತ್ತದೆ. ಅದರಲ್ಲಿ ಕೆಂಪು ಅಂಚಿದ್ದರೆ ಸಾಮಾನ್ಯವಾಗಿ ನಿಷೇಧ ಅಥವಾ ಮಿತಿ. ನೀಲಿಯ ನೆಲವಿದ್ದರೆ ವಿಧಿ. ಕೆಂಪು ಅಂಚಿನ ದುಂಡಿನೊಳಗೆ ಸೈಕಲ್ಲಿನ ಚಿತ್ರವಿದ್ದು ಅದರ ಮೇಲೆ ಅಡ್ಡಗೆರೆ ಎಳೆದಿದ್ದರೆ, ಅಲ್ಲಿ ಸೈಕಲ್ ಹೋಗಕೂಡದು. ನೀಲಿಯ ದುಂಡಿನೊಳಗೆ ಬಿಳಿಯ ಸೈಕಲ್ಲಿದ್ದರೆ, ಅದು ಸೈಕಲ್ಲಿಗೆಂದೇ ಮೀಸಲಾದ ಹಾದಿ. ಕೆಂಪು ದುಂಡಿನ ನಡುವೆ ಬಿಳಿಯ ಪಟ್ಟಿಯೊಂದು ಅಡ್ಡಲಾಗಿದ್ದರೆ, ಆ ಕಡೆಯಿಂದ ಯಾವ ವಾಹನಕ್ಕೂ ಪ್ರವೇಶವಿಲ್ಲ. ಮೂರು ಮೂಲೆಯ ಹಲಗೆ ಆಜ್ಞೆ ಮಾಡುವುದಿಲ್ಲ, ಎಚ್ಚರಿಕೆ ಹೇಳುತ್ತದೆ. ಮುಂದೆ ತಿರುವಿದೆ, ಮುಂದೆ ಶಾಲೆಯಿದೆ, ಮುಂದೆ ಸೈಕಲ್ಲುಗಳು ದಾರಿಯನ್ನು ದಾಟುತ್ತವೆ ಎಂಬುದು ಅದರ ಮಾತು. ಉದ್ದ ಚೌಕದ ಹಲಗೆ ತಿಳಿವಳಿಕೆಯನ್ನು ಕೊಡುತ್ತದೆ: ಆಸ್ಪತ್ರೆ ಎಲ್ಲಿ, ಊರು ಎಷ್ಟು ದೂರ ಎಂದು. ಈ ಕ್ರಮಕ್ಕೆ ಎರಡೇ ಎರಡು ಮುಖ್ಯ ಅಪವಾದಗಳುಂಟು. 'ನಿಲ್ಲು' ಎಂಬ ಚಿಹ್ನೆ ಎಂಟು ಮೂಲೆಯದು. 'ದಾರಿ ಬಿಡು' ಎಂಬ ಚಿಹ್ನೆ ತಲೆಕೆಳಗಾದ ಮುಕ್ಕೋನ. ಧೂಳು ಮುಚ್ಚಿ ಚಿತ್ರ ಕಾಣದಿದ್ದರೂ ಆಕಾರ ಮಾತ್ರದಿಂದಲೇ ಇವು ಗುರುತು ಸಿಗಲಿ ಎಂಬುದು ಈ ಅಪವಾದದ ಪ್ರಯೋಜನ.

ಮೀಮಾಂಸಕರ ವಿಚಾರಪದ್ಧತಿಯನ್ನು ಬಲ್ಲವರಿಗೆ ಈ ವಿಂಗಡಣೆ ಅಪರಿಚಿತವೆಂದು ತೋರಲಾರದು. ದುಂಡಗಿನ ಹಲಗೆ ವಿಧಿನಿಷೇಧಗಳನ್ನು ಹೇಳಿದರೆ, ಮೂರು ಮೂಲೆಯ ಹಲಗೆ ಇರುವುದನ್ನು ಇರುವಂತೆ ಹೇಳುವ ವಾಕ್ಯ. ಇರುವುದನ್ನು ಮಾತ್ರ ಹೇಳುವ ವಾಕ್ಯವು ಯಾವುದಾದರೊಂದು ವಿಧಿಯೊಡನೆ ಕೂಡಿಕೊಂಡ ಹೊರತು ಸಾರ್ಥಕವಾಗದೆಂದು ಆ ಶಾಸ್ತ್ರಜ್ಞರು ನಿರ್ಣಯಿಸಿದರು. ಮುಂದೆ ಶಾಲೆಯಿದೆ ಎಂಬ ಹಲಗೆಯನ್ನು ಕಂಡು, ಹೌದು ಶಾಲೆಯಿದೆ ಎಂದು ತಿಳಿದು, ಮೊದಲಿನ ವೇಗದಲ್ಲಿಯೇ ಹೋದವನು ಆ ಹಲಗೆಯನ್ನು ಓದಿದಂತಾಗಲಿಲ್ಲ. ನಿಧಾನಿಸು ಎಂಬ ವಿಧಿಯನ್ನು ಅಲ್ಲಿ ಹಲಗೆ ಬರೆದಿಲ್ಲ. ಓದುಗನ ವಿವೇಕವೇ ಅದನ್ನು ಬರೆದುಕೊಳ್ಳಬೇಕು. ಆಜ್ಞೆಗೆ ಮಣಿಯುವವನಿಗಿಂತ ಎಚ್ಚರಿಕೆಗೆ ಮಣಿಯುವವನು ಒಂದು ಮೆಟ್ಟಿಲು ಮೇಲಿನವನೆಂದು ಇದರಿಂದ ತಿಳಿಯಬಹುದು.

ಇನ್ನು ಎಡಬದಿಯ ನಿಯಮದ ವಿಚಾರ. ವಿಧಿಗಳನ್ನು ಮೂರು ವಿಧವಾಗಿ ವಿಭಾಗಿಸಿದ ಆ ಶಾಸ್ತ್ರಜ್ಞರು ಅವುಗಳಲ್ಲಿ ಒಂದನ್ನು ನಿಯಮವಿಧಿ ಎಂದು ಕರೆದರು. ಯಾಗಕ್ಕೆ ಬೇಕಾದ ಭತ್ತದ ಹೊಟ್ಟನ್ನು ಉಗುರಿನಿಂದಲೂ ಸುಲಿಯಬಹುದು, ಒನಕೆಯಿಂದ ಕುಟ್ಟಿಯೂ ತೆಗೆಯಬಹುದು. ಎರಡರಿಂದಲೂ ಅಕ್ಕಿ ದೊರೆಯುತ್ತದೆ. ಆದರೆ ಕುಟ್ಟಿಯೇ ತೆಗೆಯತಕ್ಕದ್ದು ಎಂದು ವಿಧಿಸಿದಾಗ, ಎರಡು ಉಪಾಯಗಳಲ್ಲಿ ಒಂದು ನೆಲೆನಿಲ್ಲುತ್ತದೆ, ಮತ್ತೊಂದು ತಾನಾಗಿ ಹಿಂದೆ ಸರಿಯುತ್ತದೆ. ಎಡಬದಿಯ ನಿಯಮವೂ ಇದೇ ಜಾತಿಯದು. ಬಲಬದಿಯಿಂದ ಹೋದರೂ ಕಮಲಾಪುರ ಬರುತ್ತದೆ. ಆದರೂ ಎಡವೇ ಎಂದು ಗೊತ್ತುಮಾಡಲಾಗಿದೆ. ಶಾಸ್ತ್ರದ ನಿಯಮಕ್ಕೆ ಫಲವು ಕಣ್ಣಿಗೆ ಕಾಣದ್ದೆಂದು ಹೇಳುವರು. ದಾರಿಯ ನಿಯಮಕ್ಕೆ ಫಲವು ಕಣ್ಣಿಗೆ ಕಾಣುವುದೇ: ಎದುರಿಗೆ ಬರುವವನು ಯಾವ ಕಡೆಗೆ ಸರಿಯುವನೆಂಬುದು ಅವನನ್ನು ಕೇಳುವುದಕ್ಕೆ ಮೊದಲೇ ಗೊತ್ತಾಗುವುದು.

ಎಡವೋ ಬಲವೋ ಎಂಬುದರಲ್ಲಿ ಸತ್ತ್ವವಿಲ್ಲ, ಎಲ್ಲರೂ ಒಂದೇ ಕಡೆಯನ್ನು ಹಿಡಿಯುವುದರಲ್ಲಿಯೇ ಸತ್ತ್ವವಿದೆ ಎಂಬುದಕ್ಕೆ ಸ್ವೀಡನ್ ದೇಶದ ಉದಾಹರಣೆ ಪ್ರಸಿದ್ಧವಾಗಿದೆ. ಆ ದೇಶದ ಜನರು ತಲೆತಲಾಂತರದಿಂದ ಎಡಕ್ಕೆ ಹೋಗುತ್ತಿದ್ದರು. ನೆರೆಯ ದೇಶಗಳಲ್ಲಿ ಬಲದ ಪದ್ಧತಿಯಿದ್ದುದರಿಂದ 1967ರ ಸೆಪ್ಟೆಂಬರ್ 3ರ ಬೆಳಗಿನ ಐದು ಗಂಟೆಗೆ ಇಡೀ ದೇಶವೇ ಬಲಬದಿಗೆ ಬದಲಾಯಿತು. ಅದಕ್ಕೆ ಹತ್ತು ನಿಮಿಷ ಮೊದಲು ದಾರಿಯಲ್ಲಿದ್ದ ವಾಹನಗಳೆಲ್ಲ ನಿಂತು, ಮೆಲ್ಲನೆ ಆಚೆಯ ಬದಿಗೆ ಸರಿದು, ಗಂಟೆಯಾಗುವವರೆಗೆ ಕಾದವು. ಆ ದಿನ ಅಲ್ಲಿ ಬದಲಾದುದು ಬದಿ ಮಾತ್ರ. ಒಬ್ಬರ ಮೇಲೊಬ್ಬರು ಇಟ್ಟ ನಂಬಿಕೆ ಬದಲಾಗಲಿಲ್ಲ. ಆ ನಂಬಿಕೆಯೊಂದಿದ್ದುದರಿಂದಲೇ ಆ ಬದಲಾವಣೆ ಸಾಧ್ಯವಾಯಿತು.

ಇಲ್ಲಿಗೆ ಪ್ರಶ್ನೆಯ ಮರ್ಮ ಸಿಕ್ಕಿತು. ಪದಕ್ಕೂ ಅರ್ಥಕ್ಕೂ ಇರುವ ಸಂಬಂಧ ಸಂಕೇತದಿಂದ ಬಂದುದೆಂದು ನೈಯಾಯಿಕರು ಹೇಳುವರು. 'ಹಸು' ಎಂಬ ಎರಡಕ್ಷರಗಳಲ್ಲಿ ಹಾಲು ಕರೆಯುವ ಗುಣವೇನೂ ಇಲ್ಲ. ಈ ಪದದಿಂದ ಈ ಪ್ರಾಣಿಯನ್ನು ತಿಳಿಯತಕ್ಕದ್ದು ಎಂಬ ಸಂಕೇತ ಮಾತ್ರವಿದೆ. ಹಾಗೆಂದು ಹಸುವನ್ನು ಮಾರುವೆನೆಂದು ಹಣ ತೆಗೆದುಕೊಂಡು ಆಡನ್ನು ಕೊಟ್ಟವನು, 'ಪದವೆಂಬುದು ಕೇವಲ ಸಂಕೇತ, ಅದನ್ನು ಮೀರಿದರೆ ದೋಷವೇನು' ಎಂದು ಕೇಳಿದರೆ ಯಾರೂ ಒಪ್ಪಲಾರರು. ಪದದಲ್ಲಿ ಪುಣ್ಯವಿಲ್ಲದಿದ್ದರೂ ಪದವನ್ನು ನಂಬಿದವನಿಗೆ ಮಾಡಿದ ವಂಚನೆ ದೋಷವೇ. ದಾರಿಯ ನಿಯಮವೂ ಹೀಗೆಯೇ ಒಂದು ಭಾಷೆ. ಎಡಬದಿಯಲ್ಲಿ ಹೋಗುವುದು ಒಂದು ಮಾತು. ಬಲಕ್ಕೆ ತಿರುಗುವ ಮುನ್ನ ಬಲಗೈಯನ್ನು ನೀಳವಾಗಿ ಚಾಚುವುದು ಒಂದು ಮಾತು. ಗಂಟೆ ಬಾರಿಸುವುದು ಒಂದು ಮಾತು. ರಾತ್ರಿ ಮುಂದೆ ಬಿಳಿಯ ದೀಪವನ್ನೂ ಹಿಂದೆ ಕೆಂಪು ಪ್ರತಿಫಲಕವನ್ನೂ ಇಟ್ಟುಕೊಳ್ಳುವುದು, 'ಇಲ್ಲೊಬ್ಬ ಮನುಷ್ಯನಿದ್ದಾನೆ' ಎಂಬ ಮಾತು. ಮುಖ ಕಾಣದ, ಹೆಸರು ಅರಿಯದ ಸಾವಿರಾರು ಜನರೊಡನೆ ಮನುಷ್ಯನು ದಿನವೂ ಆಡುವ ಮಾತು ಇದೊಂದೇ. ಆದುದರಿಂದ ಇದನ್ನು ಮೀರಿದವನ ದೋಷ ಬಲಬದಿಗೆ ಹೋದುದರಲ್ಲಿಲ್ಲ; ತನ್ನನ್ನು ನಂಬಿದ ಅಪರಿಚಿತನಿಗೆ ಸುಳ್ಳು ಹೇಳಿದುದರಲ್ಲಿದೆ. ದೀಪವಿಲ್ಲದೆ ಕತ್ತಲೆಯ ಹೆದ್ದಾರಿಗೆ ಇಳಿದವನು ಬಾಯಿಂದ ಏನನ್ನೂ ಹೇಳಿರುವುದಿಲ್ಲ, ನಿಜ. ಆದರೆ ಹೇಳಬೇಕಾದ ಸತ್ಯವನ್ನು ಮುಚ್ಚಿಟ್ಟಿರುತ್ತಾನೆ.

ಈ ಸಿದ್ಧಾಂತಕ್ಕೆ ಮೂರು ಆಕ್ಷೇಪಗಳು ಬರಬಹುದು. ಅವುಗಳನ್ನು ಒಂದೊಂದಾಗಿ ವಿಚಾರಿಸಬೇಕು.

ಮೊದಲನೆಯದು ಹೀಗೆ: ನಡುರಾತ್ರಿಯಲ್ಲಿ ಚೌಕವು ನಿರ್ಜನವಾಗಿರುವಾಗ ಕೆಂಪು ದೀಪವನ್ನು ಕಂಡು ನಿಲ್ಲುವುದರಿಂದ ಯಾರಿಗೆ ಉಪಕಾರ? ಕೇಳುವವನೇ ಇಲ್ಲದ ಕಡೆ ಮಾತೆಲ್ಲಿ, ಸುಳ್ಳೆಲ್ಲಿ? ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಅಮೆರಿಕದ ಐಡಹೋ ಸಂಸ್ಥಾನದಲ್ಲಿ 1982ರಲ್ಲಿ ಮಾಡಿದ ಕಾನೂನಿನ ಪ್ರಕಾರ, 'ನಿಲ್ಲು' ಎಂಬ ಚಿಹ್ನೆಯ ಬಳಿ ಸೈಕಲ್ ಸವಾರನು ನಿಧಾನಿಸಿ, ಬೇರೆಯವರು ಇಲ್ಲವೆಂದು ಕಂಡುಕೊಂಡು, ನಿಲ್ಲದೆಯೇ ಮುಂದಕ್ಕೆ ಹೋಗಬಹುದು. ಸೈಕಲ್ಲು ಹಗುರ, ಸವಾರನ ಕಣ್ಣು ಕಿವಿಗಳಿಗೆ ಗಾಜಿನ ಮರೆಯಿಲ್ಲ, ನಿಂತು ಮತ್ತೆ ಹೊರಡುವ ಶ್ರಮ ಅವನ ಕಾಲಿನದೇ. ಈ ಕಾರಣಗಳಿಂದ ಅವನಿಗೆ ಬೇರೆ ನಿಯಮವಿರುವುದು ಯುಕ್ತವೆಂದು ಅಲ್ಲಿನವರು ನಿರ್ಣಯಿಸಿದರು. ಆದರೆ ಗಮನಿಸಬೇಕಾದ ಸಂಗತಿ ಒಂದುಂಟು. ಅಲ್ಲಿ ನಿಯಮವನ್ನು ಸಡಿಲಿಸಿದುದು ಸಮಾಜ, ಸವಾರನಲ್ಲ. ಸಡಿಲಿಸಿದುದು ಎಲ್ಲರಿಗೂ ತಿಳಿದಿದೆ. ಆದುದರಿಂದ ಅಲ್ಲಿ ಯಾರೂ ವಂಚಿತರಾಗುವುದಿಲ್ಲ. ಒಬ್ಬೊಬ್ಬನೂ ತನ್ನ ಕ್ಷಣದ ಅನುಕೂಲವನ್ನು ನೋಡಿಕೊಂಡು ತನಗೆ ತಾನೇ ನಿಯಮವನ್ನು ತಿದ್ದಿಕೊಂಡರೆ ಅದು ನಿಯಮದ ತಿದ್ದುಪಡಿಯಲ್ಲ, ಅಳಿವು. ಇದಲ್ಲದೆ, ಚೌಕವು ನಿರ್ಜನವೆಂದು ತೀರ್ಮಾನಿಸುವ ಕಣ್ಣೂ ಮನುಷ್ಯನದೇ, ಆತುರಪಡುವವನದೇ. ದೀಪವಿಲ್ಲದೆ ಬರುತ್ತಿರುವ ಮತ್ತೊಬ್ಬ ಸೈಕಲ್ ಸವಾರನು ಅದಕ್ಕೆ ಕಾಣಿಸದಿರಬಹುದು.

ಎರಡನೆಯ ಆಕ್ಷೇಪ ಕಾನೂನಿನದು. ಮೋಟಾರು ಕಾನೂನು ಸೈಕಲ್ಲಿಗೆ ಅನ್ವಯಿಸುವುದಿಲ್ಲವಾದ ಮೇಲೆ ಸವಾರನಿಗೆ ಕಟ್ಟೇ ಇಲ್ಲವೆಂದು ಕೆಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ಸಾರ್ವಜನಿಕ ದಾರಿಯಲ್ಲಿ ಪರರ ಪ್ರಾಣಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ವಾಹನ ನಡೆಸುವುದು ಹಿಂದೆ ದಂಡಸಂಹಿತೆಯ 279ನೆಯ ಕಲಮಿನಂತೆ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಂತೆ ಈಗಲೂ ಅಪರಾಧವಾಗಿದೆ. ಅಲ್ಲಿ 'ಯಾವುದೇ ವಾಹನ' ಎಂದಿದೆಯೇ ಹೊರತು ಮೋಟಾರು ಎಂದಿಲ್ಲ. 2019ರ ತಿದ್ದುಪಡಿಯಾದರೋ, ಯಂತ್ರವಿಲ್ಲದ ವಾಹನಗಳ ಮತ್ತು ಪಾದಚಾರಿಗಳ ಸಂಚಾರದ ವಿಷಯದಲ್ಲಿ ನಿಯಮಗಳನ್ನು ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಆದರೆ ಕಾನೂನು ಇದೆಯೆಂಬುದು ಇಲ್ಲಿ ಮುಖ್ಯವಲ್ಲ. ಪರವಾನಗಿ ಬೇಡವೆಂದು ಸಮಾಜವು ಸೈಕಲ್ ಸವಾರನಿಗೆ ಹೇಳಿದುದರ ಅರ್ಥ, 'ನಿನಗೆ ನಿಯಮವಿಲ್ಲ' ಎಂದಲ್ಲ. 'ನಿನ್ನನ್ನು ಪರೀಕ್ಷಿಸದೆಯೇ ನಂಬಿದ್ದೇವೆ' ಎಂದು. ಪರೀಕ್ಷಿಸದೆ ಇಟ್ಟ ನಂಬಿಕೆಗೆ ಪರೀಕ್ಷಿಸಿ ಇಟ್ಟ ನಂಬಿಕೆಗಿಂತ ಋಣ ಹೆಚ್ಚು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತಲೂ ಬಲವಾದದ್ದು. ಅದು ತರ್ಕದಿಂದ ಬಂದುದಲ್ಲ, ಸಂಕಟದಿಂದ ಬಂದುದು. ಕಮಲಾಪುರದ ಆಸುಪಾಸಿನ ಹಳ್ಳಿಯೊಂದರಿಂದ ಶಾಲೆಗೆ ಬರುವ ಬಾಲಕಿಯೊಬ್ಬಳನ್ನು ಭಾವಿಸಿಕೊಳ್ಳಬಹುದು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿ ಅನೇಕ ವರ್ಷ ನಡೆಯಿಸಿತು. ಊರಿನಲ್ಲಿ ಪ್ರೌಢಶಾಲೆಯಿಲ್ಲದ ಎಷ್ಟೋ ಹೆಣ್ಣುಮಕ್ಕಳ ಪಾಲಿಗೆ ಆ ಎರಡು ಚಕ್ರಗಳೇ ವಿದ್ಯೆಯ ಬಾಗಿಲಾದವು. ಅಂಥ ಬಾಲಕಿ ಹೆದ್ದಾರಿಗೆ ಬಂದಾಗ, ಶಾಲೆಯಿರುವುದು ಆಚೆಯ ಬದಿಯಲ್ಲಿ. ನಡುವೆ ರಸ್ತೆವಿಭಜಕದ ಗೋಡೆ. ದಾಟುವ ತೆರಪು ದೂರದಲ್ಲಿ. ನಿಯಮದಂತೆ ಹೋದರೆ ಆ ತೆರಪಿನವರೆಗೆ ತುಳಿದು ಮತ್ತೆ ಅಷ್ಟೇ ದೂರ ಹಿಂದಿರುಗಬೇಕು, ಅದೂ ಲಾರಿಗಳ ಮಗ್ಗುಲಲ್ಲಿ, ಬೇಸಿಗೆಯಲ್ಲಾದರೆ ಕಲಬುರಗಿಯ ನಾಡಿನ ಕೆಂಡದಂಥ ಬಿಸಿಲಿನಲ್ಲಿ. ನಿಯಮವನ್ನು ಮೀರಿದರೆ ನಾಲ್ಕು ನಿಮಿಷದ ಹಾದಿ. ಆ ದಾರಿಯನ್ನು ಕಟ್ಟಿದವರು ಲಾರಿಯನ್ನು ನೆನೆದರು, ಬಾಲಕಿಯನ್ನು ನೆನೆಯಲಿಲ್ಲ. ತನ್ನನ್ನು ನೆನೆಯದ ದಾರಿಯ ನಿಯಮವನ್ನು ಅವಳು ಏಕೆ ನೆನೆಯಬೇಕು?

ಈ ಪ್ರಶ್ನೆಗೆ ಸುಲಭವಾದ ಉತ್ತರವನ್ನು ಹೇಳುವವನು ಅವಳ ಸಂಕಟವನ್ನು ತಿಳಿದವನಲ್ಲ. ಆದರೂ ಮೊದಲು ಗಣಿತವನ್ನು ನೋಡತಕ್ಕದ್ದು. ಎದುರುಬದಿಯಲ್ಲಿ ಹೋದರೆ ಬರುವ ಲಾರಿ ಕಣ್ಣಿಗೆ ಕಾಣುವುದಲ್ಲ, ಅದೇ ಸುರಕ್ಷಿತವಲ್ಲವೆ ಎಂದು ಅನೇಕರು ಭಾವಿಸುವರು. ನಡೆಯುವವನಿಗೆ ಇದು ಸರಿ. ತುಳಿಯುವವನಿಗೆ ಸರಿಯಲ್ಲ. ಗಂಟೆಗೆ 15 ಕಿಲೋಮೀಟರಿನ ಸೈಕಲ್ಲಿನ ಹಿಂದಿನಿಂದ 60 ಕಿಲೋಮೀಟರಿನ ಲಾರಿ ಬರುತ್ತಿದ್ದರೆ ಅದು ಸೈಕಲ್ಲಿನ ಕಡೆಗೆ ಸಾಗುವುದು 45ರ ವೇಗದಲ್ಲಿ. ಎದುರಿನಿಂದ ಬರುತ್ತಿದ್ದರೆ 75ರ ವೇಗದಲ್ಲಿ. ನೂರು ಮೀಟರಿನ ಅಂತರವನ್ನು ಕಳೆಯುವುದಕ್ಕೆ ಮೊದಲನೆಯದಕ್ಕೆ 8 ಸೆಕೆಂಡು ಹಿಡಿದರೆ ಎರಡನೆಯದಕ್ಕೆ ಐದು ಸೆಕೆಂಡೂ ಹಿಡಿಯುವುದಿಲ್ಲ. ಮೊದಲನೆಯ ಸಂದರ್ಭದಲ್ಲಿ ಲಾರಿಯವನು ಬೇಕೆಂದರೆ ನಿಧಾನಿಸಿ ಹಿಂದೆಯೇ ಬರಬಹುದು. ಎರಡನೆಯದರಲ್ಲಿ ಇಬ್ಬರಲ್ಲೊಬ್ಬರು ಹೊರಕ್ಕೆ ಹೊರಳಲೇಬೇಕು. ಅಡ್ಡದಾರಿಯಿಂದ ಬರುವವನು ಬಲಕ್ಕೆ ಮಾತ್ರ ಕಣ್ಣಿಟ್ಟು ಹೆದ್ದಾರಿಗೆ ಏರುವನು. ಎಡದಿಂದ ಸೈಕಲ್ಲು ಬರುವುದೆಂದು ಅವನು ಎಣಿಸಿರುವುದೇ ಇಲ್ಲ. ಆದುದರಿಂದ ನಿಯಮವನ್ನು ಮೀರಿ ಬಾಲಕಿ ಉಳಿಸುವ ನಿಮಿಷಗಳ ಬೆಲೆಯನ್ನು ಅವಳೇ ತೆರಬೇಕಾಗುತ್ತದೆ.

ಹಾಗಾದರೆ ಗತಿಯೇನು? ಇಲ್ಲಿ ಸೈಕಲ್ಲಿನ ಒಂದು ವಿಶೇಷ ಗುಣವನ್ನು ನೆನೆಯಬೇಕು. ಲಾರಿಯು ಎಂದೆಂದಿಗೂ ಲಾರಿಯೇ. ಸೈಕಲ್ ಸವಾರನಾದರೋ ಕಾಲು ನೆಲಕ್ಕೆ ಊರಿದ ಕ್ಷಣದಲ್ಲಿ ಪಾದಚಾರಿಯಾಗುತ್ತಾನೆ. ಸೈಕಲ್ಲನ್ನು ಕೈಯಿಂದ ನೂಕಿಕೊಂಡು ಹೋಗುವವನನ್ನು ಪಾದಚಾರಿಯೆಂದೇ ಎಣಿಸಬಹುದು. ಪಾದಚಾರಿಗೆ ದಾರಿಯ ಅಂಚಿನಲ್ಲಿ ಎದುರುಮುಖವಾಗಿ ನಡೆಯುವ, ಪಟ್ಟೆಗಳನ್ನು ಬಳಿದ ಕಡೆಯಲ್ಲಿ ದಾಟುವ ಸ್ವಾತಂತ್ರ್ಯವುಂಟು. ಆದುದರಿಂದ ತೆರಪು ದೂರವಿರುವ ಕಡೆ ಬಾಲಕಿಯು ಇಳಿದು, ಸೈಕಲ್ಲನ್ನು ನೂಕಿಕೊಂಡು, ಟಾರಿನಿಂದ ಹೊರಗೆ ಮಣ್ಣಿನ ಮೇಲೆ ನಡೆದುಬಂದರೆ ಅವಳು ಯಾರಿಗೂ ಸುಳ್ಳು ಹೇಳಿದಂತಾಗಲಿಲ್ಲ. ನಿಯಮವನ್ನು ಮೀರದೆಯೇ ನಿಯಮದ ಕಾಠಿಣ್ಯದಿಂದ ಪಾರಾಗುವ ಈ ಬಾಗಿಲು ದಾರಿಯ ಮೇಲಿನ ವಾಹನಗಳಲ್ಲಿ ಅವಳ ವಾಹನಕ್ಕೆ ವಿಶೇಷವಾಗಿ ತೆರೆದಿದೆ. ಮಳೆಗಾಲದಲ್ಲಿ ಹೊಲಗಳಿಂದ ಬಂದ ಟ್ರಾಕ್ಟರಿನ ಗಾಲಿಗಳು ಎರೆಮಣ್ಣನ್ನು ಹೆದ್ದಾರಿಗೆ ಬಳಿದು ಜಾರುವಂತೆ ಮಾಡಿದಾಗಲೂ ಇಳಿದು ನಡೆಯುವುದೇ ವಿವೇಕ. ಇಳಿಯುವುದು ಸೋಲಲ್ಲ.

ಆಪದ್ಧರ್ಮವೆಂಬ ಮಾತು ಲೋಕದಲ್ಲಿ ಪ್ರಸಿದ್ಧವಾಗಿದೆ. ಹಿಂದಿನಿಂದ ಲಾರಿ ಮೈಮೇಲೆ ಬರುವಾಗ ಯಾವ ಬದಿಯಾದರೂ ಸರಿಯೆ, ಹಾರಿ ಪ್ರಾಣ ಉಳಿಸಿಕೊಳ್ಳತಕ್ಕದ್ದು. ಆ ಕ್ಷಣದಲ್ಲಿ ಎಡಬಲಗಳ ಲೆಕ್ಕವಿಲ್ಲ. ಆದರೆ ಆಪದ್ಧರ್ಮಕ್ಕೆ ಆಪತ್ತಿನಷ್ಟೇ ಆಯುಸ್ಸು. ಆಪತ್ತಿಗೆ ಕೊಟ್ಟ ರಿಯಾಯಿತಿಯನ್ನು ಅನುಕೂಲಕ್ಕೆ ಎಳೆದುಕೊಳ್ಳುವುದೇ ಇಂದು ದಾರಿಗಳಲ್ಲಿ ಕಾಣುವ ಮುಖ್ಯ ದೋಷ. ಮೋಟಾರು ಸೈಕಲ್ಲಿನ ಮುಂದೆ ಮಗುವನ್ನು ಕೂಡಿಸಿಕೊಂಡು ಎದುರುಬದಿಯಿಂದ ನುಗ್ಗುವ ತಂದೆಗೆ ಯಾವ ಆಪತ್ತೂ ಇರುವುದಿಲ್ಲ, ಹೊತ್ತಾಯಿತೆಂಬುದೊಂದೇ ಕಾರಣ. ಆ ಮಗು ಮುಂದೆ ಸೈಕಲ್ ಏರಿದಾಗ ಯಾವ ಭಾಷೆಯನ್ನು ಆಡುವುದೆಂದು ಬೇರೆ ಹೇಳಬೇಕಾಗಿಲ್ಲ. ಮಕ್ಕಳು ಮನೆಯಲ್ಲಿ ಕೇಳಿದ ಮಾತನ್ನೇ ಕಲಿಯುವವು.

ಹಾಗೆಂದ ಮಾತ್ರಕ್ಕೆ ಋಣವೆಲ್ಲ ಸೈಕಲ್ ಸವಾರನ ಮೇಲೆಯೇ ಬಿದ್ದಿತೆಂದು ತಿಳಿಯಬಾರದು. ಮಾತಿಗೆ ಆಡುವವನೂ ಬೇಕು, ಕೇಳುವವನೂ ಬೇಕು. ಬಾಲಕಿ ಕೈ ಚಾಚಿ ತನ್ನ ತಿರುವನ್ನು ಹೇಳಿದಾಗ ಹಿಂದಿನ ಲಾರಿಯವನು ಅದನ್ನು ಕಾಣದವನಂತೆ ನುಗ್ಗಿದರೆ, ಸತ್ಯ ನುಡಿದವಳೇ ನೆಲಕ್ಕುರುಳುವಳು. ಅವಳು ತಪ್ಪಿದರೆ ಬಹುಮಟ್ಟಿಗೆ ತನಗೇ ಕೇಡು. ಅವನು ತಪ್ಪಿದರೆ ಕೇಡು ಅವಳಿಗೆ. ತಪ್ಪಿನ ಫಲವನ್ನು ಪರರ ಮೇಲೆ ಹಾಕಬಲ್ಲವನಿಗೆ ಎಚ್ಚರದ ಹೊರೆಯೂ ಹೆಚ್ಚಾಗಿರಬೇಕಾದುದು ನ್ಯಾಯ. ದಾರಿಯನ್ನು ಕಟ್ಟುವವರ ಹೊರೆ ಅದಕ್ಕಿಂತಲೂ ಹೆಚ್ಚು. ನೆದರ್ಲೆಂಡ್ಸ್ ದೇಶದಲ್ಲಿ 1971ರಲ್ಲಿ ದಾರಿಯ ಅಪಘಾತಗಳಿಂದ ಸುಮಾರು 3,300 ಜನರು ಸತ್ತರು. ಅವರಲ್ಲಿ 400ಕ್ಕೂ ಮಿಕ್ಕವರು ಮಕ್ಕಳು. ತಾಯಿತಂದೆಗಳು ಬೀದಿಗಿಳಿದು, ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂದು ಕೇಳಿದರು. ಮುಂದಿನ ದಶಕಗಳಲ್ಲಿ ಆ ದೇಶವು ಸೈಕಲ್ಲಿಗೆಂದು ಬೇರೆಯ ಹಾದಿಗಳನ್ನು ಕಟ್ಟುತ್ತಾ ಬಂದಿತು. ಇಂದು ಅಲ್ಲಿ ಮಗುವೂ ಮುದುಕನೂ ಸೈಕಲ್ ತುಳಿಯುವುದು ಲೋಕಪ್ರಸಿದ್ಧವಾಗಿದೆ. ನಿಯಮವನ್ನು ಪಾಲಿಸಿರೆಂದು ಕೇಳುವ ಅಧಿಕಾರ ಪಾಲಿಸುವುದಕ್ಕೆ ಅನುಕೂಲವಾದ ದಾರಿಯನ್ನು ಕೊಟ್ಟವರಿಗೆ ಪೂರ್ತಿಯಾಗಿ ಸಲ್ಲುತ್ತದೆ. ಕೊಡದವರಿಗೆ ಅರೆಯಾಗಿ ಸಲ್ಲುತ್ತದೆ. ಆದರೆ ಒಬ್ಬನು ತನ್ನ ಋಣವನ್ನು ತೀರಿಸಲಿಲ್ಲವೆಂದು ಮತ್ತೊಬ್ಬನ ಋಣ ಕಳೆಯುವುದಿಲ್ಲ. ಬಾಲಕಿಯು ನಂಬಿಕೆಯನ್ನು ಉಳಿಸಿಕೊಳ್ಳಬೇಕಾದುದು ಲಾರಿಯವನೊಬ್ಬನೊಡನೆ ಅಲ್ಲ. ಅದೇ ದಾರಿಯಲ್ಲಿ ಹಾಲು ತರುವವನೊಡನೆ, ತನ್ನಂತೆಯೇ ಸೈಕಲ್ ತುಳಿಯುವ ಗೆಳತಿಯೊಡನೆ, ಕೋಲೂರಿಕೊಂಡು ದಾಟುವ ಮುದುಕಿಯೊಡನೆ. ಆ ಮುದುಕಿಯ ಎದುರಿನಲ್ಲಿ ಬಾಲಕಿಯೇ ಬಲಿಷ್ಠಳು. ದಾರಿಯಲ್ಲಿ ತನಗಿಂತ ದುರ್ಬಲರು ಯಾರೂ ಇಲ್ಲವೆನ್ನಬಲ್ಲವರು ಬಹಳ ಮಂದಿಯಿಲ್ಲ.

ಆದುದರಿಂದ ಮಗುವಿಗೆ ಸೈಕಲ್ಲನ್ನು ಕೊಡಿಸುವ ಮನೆಯವರು, ಕೊಡಿಸುವ ದಿನವೇ ಆ ಭಾಷೆಯನ್ನೂ ಕಲಿಸತಕ್ಕದ್ದು. ಕಲಿಯಬೇಕಾದುದು ಬಹಳವಿಲ್ಲ. ಮೂರು ಆಕೃತಿಗಳ ಅರ್ಥ, ಅವುಗಳ ಎರಡು ಅಪವಾದ. ಕೆಂಪಿಗೆ ನಿಲ್ಲುವುದು, ಹಳದಿಗೆ ನಿಲ್ಲಲು ಸಿದ್ಧವಾಗುವುದು. ಎಡಕ್ಕೆ ತಿರುಗುವಾಗ ಎಡಗೈ, ಬಲಕ್ಕೆ ತಿರುಗುವಾಗ ಬಲಗೈ ಚಾಚುವುದು, ಚಾಚುವ ಮುನ್ನ ಹಿಂದಿರುಗಿ ನೋಡುವುದು. ಇಬ್ಬರು ಸಾಲಾಗಿ ಮಾತನಾಡುತ್ತಾ ತುಳಿಯದಿರುವುದು. ಎಡಕ್ಕೆ ತಿರುಗಲಿರುವ ಲಾರಿಯ ಎಡಮಗ್ಗುಲಲ್ಲಿ, ಚಾಲಕನ ಕಣ್ಣಿಗೆ ಬೀಳದ ಜಾಗದಲ್ಲಿ ನಿಲ್ಲದಿರುವುದು. ಬ್ರೇಕು, ಗಂಟೆ, ದೀಪ, ಪ್ರತಿಫಲಕಗಳನ್ನು ಸರಿಯಾಗಿಟ್ಟುಕೊಳ್ಳುವುದು. ಕಲಬುರಗಿಯ ಯಾವುದಾದರೊಂದು ಓಣಿಯಲ್ಲಿ ಭಾನುವಾರದ ಬೆಳಗ್ಗೆ ಒಂದು ಗಂಟೆಯಲ್ಲಿ ಇಷ್ಟನ್ನೂ ಕಲಿಸಬಹುದು. ಶಾಲೆಯ ಅಂಗಳದಲ್ಲಿ ಸುಣ್ಣದಿಂದ ದಾರಿಯನ್ನು ಗೀಚಿ, ರಟ್ಟಿನ ಹಲಗೆಗಳನ್ನು ನಿಲ್ಲಿಸಿ ಆಟದಂತೆ ಕಲಿಸುವುದೂ ಕಷ್ಟವಲ್ಲ. ಆದರೆ ಹೀಗೆ ಮಾಡು ಎಂಬುದರ ಜೊತೆಗೆ ಏಕೆ ಮಾಡಬೇಕು ಎಂಬುದನ್ನೂ ಹೇಳಬೇಕು. ಪೊಲೀಸಿನವನ ಭಯದಿಂದ ಕಲಿತುದು ಪೊಲೀಸಿನವನು ನಿಂತಿರುವ ಚೌಕಕ್ಕೆ ಮುಗಿಯುತ್ತದೆ. ಕೊಟ್ಟ ಮಾತೆಂದು ಕಲಿತುದು ಮಹಾಗಾಂವದ ಆಚೆಯ ಬಯಲಿನಲ್ಲಿಯೂ ಜೊತೆಗೆ ಬರುತ್ತದೆ.

ಎಡಬದಿಯಲ್ಲಿ ಪುಣ್ಯವಿಲ್ಲವೆಂದು ಮೊದಲಿಗೆ ಹೇಳಿದುದು ಈಗಲೂ ನಿಜವೇ. ನಾಳೆ ಈ ದೇಶವೂ ಸ್ವೀಡನ್ನಿನಂತೆ ಬದಿಯನ್ನು ಬದಲಾಯಿಸಿದರೆ ಬಲವೇ ಸರಿಯಾಗುವುದು. ಬದಲಾಗದೆ ಉಳಿಯುವುದು ಒಂದೇ: ತನ್ನ ಹೆಸರನ್ನೂ ಅರಿಯದ ಮನುಷ್ಯನೊಬ್ಬನು ತನ್ನನ್ನು ನಂಬಿ ದಾರಿಗೆ ಇಳಿದಿದ್ದಾನೆ ಎಂಬ ಅರಿವು. ಆ ನಂಬಿಕೆಯನ್ನು ಹುಸಿಮಾಡದೆ ನಡೆದುಕೊಳ್ಳುವುದೇ ದಾರಿಯ ಧರ್ಮ.